ಐದು ವಾಲ್ವ್, ಹತ್ತು ವ್ಯಾಟ್

ಮುಳಬಾಗಿಲಿನಲ್ಲಿರುವ ನಮ್ಮ ದೊಡ್ಡಪ್ಪನಿಗೆ ಫೋನ್ ಮಾಡುವುದು ಒಂದು ಸಾಹಸ. ಹೋದ ಜನವರಿಯಲ್ಲಿ ಮಾಡಿ "ಸಂಕ್ರಾಂತಿಗೆ ಬರ್ತಿದ್ದೀನಿ" ಅಂದೆ. "ಯಾರಿಗೋ ವಾಂತಿ?" ಅಂದರು. ಮೂರು ಸಲ ಕಿರುಚಿದೆ. ಮಾಲೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿ ಮೇಲಿನಿಂದ ಇಣುಕಿ "ಏನಾಯ್ತಪ್ಪಾ, ಎಲ್ಲಾ ಸರಿಯಿದೀಯಾ?" ಅಂತ ಕೇಳಿದರು. ಕೊನೆಗೆ ದೊಡ್ಡಮ್ಮ ಫೋನ್ ಕಿತ್ತುಕೊಂಡು, "ಬಾ ಬಾ, ಅವರೆಕಾಯಿ ತಂದಿದ್ದೀನಿ" ಅಂದು ಇಟ್ಟರು.

ಇಂಥ ದೊಡ್ಡಪ್ಪ ಯಾವ ಆಂಪ್ಲಿಫೈಯರ್‌ನ ಶಬ್ದದಲ್ಲಿ ಜೀವ ಇದೆ, ಯಾವುದರಲ್ಲಿ ಇಲ್ಲ ಅಂತ ಇವತ್ತಿಗೂ ತೀರ್ಪು ಕೊಡುತ್ತಾರೆ. ಬೀದಿ ಕೊನೆಯ ದೇವಸ್ಥಾನಕ್ಕೆ ಹೊಸ ಸೆಟ್ ಬಂದಾಗ ಎಲ್ಲರೂ ಹೋಗಿ ನೋಡಿದರಂತೆ. 250 ವ್ಯಾಟ್, ಬ್ಲೂಟೂತ್, ಪೆನ್‌ಡ್ರೈವ್ ಎಲ್ಲಾ ಇದೆ. ಇವರು ಎರಡು ನಿಮಿಷ ನಿಂತು, "ಜೋರಾಗಿದೆ, ಜೀವ ಇಲ್ಲ" ಅಂದು ವಾಪಸ್ ಬಂದರಂತೆ. ಯಾಕೆಂದರೆ ಜೀವ ಇರುವ ಸೆಟ್ ಒಂದೇ ಒಂದು. ಅದು ಅವರ ಮನೆಯ ಅಟ್ಟದ ಮೇಲೆ, ಗೋಣಿಚೀಲ ಹೊದ್ದುಕೊಂಡು ಕೂತಿದೆ. 1974ರಲ್ಲಿ ಅವರೇ ಕೈಯಾರೆ ಕಟ್ಟಿದ್ದು.

ಆಗ ಅವರಿಗೆ ಇಪ್ಪತ್ತಮೂರು ವರ್ಷ. ಐಟಿಐ ಮುಗಿಸಿ, ಮುಳಬಾಗಿಲು ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಮಳಿಗೆ ಹಿಡಿದು ರೇಡಿಯೋ ರಿಪೇರಿ ಶುರು ಮಾಡಿದ್ದರು. ಮೈಕ್ ಸೆಟ್ ಬಾಡಿಗೆಗೆ ಕೊಟ್ಟರೆ ಕಾಸು ಅಂತ ಗೊತ್ತಿತ್ತು, ಕಂಪನಿ ಸೆಟ್ ಕೊಳ್ಳೋಕೆ ದುಡ್ಡಿರಲಿಲ್ಲ. ದೆಹಲಿಯ ಅಹುಜಾ 1940ರಿಂದ ಇರುವ ಹೆಸರು, ಆಗಲೂ ದೊಡ್ಡ ಹೆಸರೇ. ಹಾಗಾಗಿ ಬೆಂಗಳೂರಿನ ಸ್ನೇಹಿತರೊಬ್ಬರಿಂದ ಒಂದು ಸರ್ಕ್ಯೂಟ್ ನೋಟ್‌ಬುಕ್ಕಿಗೆ ಬರೆದುಕೊಂಡು ಬಂದರು. ಅದು ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿ 1954ರಲ್ಲಿ ಪ್ರಕಟಿಸಿದ 'ಫೈವ್-ಟೆನ್'. ಐದು ವಾಲ್ವ್, ಹತ್ತು ವ್ಯಾಟ್, ಅದಕ್ಕೇ ಆ ಹೆಸರು. ಮನೆಯಲ್ಲಿ ಕೂತು ಸ್ವಂತ ಆಂಪ್ಲಿಫೈಯರ್ ಕಟ್ಟಿಕೊಳ್ಳುವವರಿಗೆ ಅಂತಲೇ ಮಾಡಿದ ಡಿಸೈನ್. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಓಪನ್ ಸೋರ್ಸ್. ದೊಡ್ಡಪ್ಪ ಅದಕ್ಕೆ ಮೈಕಿಗೆ ಅಂತ ಇನ್ನೊಂದು ವಾಲ್ವ್ ಸೇರಿಸಿದರು. ಲೆಕ್ಕಕ್ಕೆ ಆರಾಯಿತು. ಆದರೂ ಮನೆಯಲ್ಲಿ ಅದರ ಹೆಸರು 'ಐದು-ಹತ್ತು'.

ವಾಲ್ವ್‌ಗಳು ಮಾತ್ರ ಇಂಗ್ಲೆಂಡಿನಿಂದ ಬರಬೇಕಾಗಿರಲಿಲ್ಲ. ಬೆಂಗಳೂರು ಜಾಲಹಳ್ಳಿಯ ಬಿಇಎಲ್ 1961ರಿಂದಲೇ ಫಿಲಿಪ್ಸ್ ಸಹಯೋಗದಲ್ಲಿ ವಾಲ್ವ್ ತಯಾರಿಸುತ್ತಿತ್ತು. ದೊಡ್ಡಪ್ಪನ ಸೆಟ್ಟಿನ ಎರಡು ಪವರ್ ವಾಲ್ವ್, ಇಎಲ್ 84, ಎರಡರ ಗಾಜಿನ ಮೇಲೂ ಬಿಇಎಲ್ ಮುದ್ರೆ ಇದೆ, ಸ್ವಲ್ಪ ಅಳಿಸಿಹೋಗಿದೆ. ಬೆರಳಲ್ಲಿ ಉಜ್ಜಬೇಡ ಅಂತ ಇವತ್ತಿಗೂ ಬೈಯುತ್ತಾರೆ.

ಟ್ರಾನ್ಸ್‌ಫಾರ್ಮರ್ ಕಥೆ ಇನ್ನೂ ಚೆನ್ನಾಗಿದೆ. ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಶಬ್ದದ ಗುಣವನ್ನು ಹೆಚ್ಚು ತೀರ್ಮಾನಿಸುವುದು ಹೊಳೆಯುವ ಗಾಜಲ್ಲ, ಹಿಂದೆ ಕೂತಿರುವ ಕಬ್ಬಿಣದ ಮುದ್ದೆ. ವಾಲ್ವ್‌ಗೆ ಕಡಿಮೆ ಕರೆಂಟು, ಜಾಸ್ತಿ ವೋಲ್ಟೇಜು ಅಭ್ಯಾಸ. ಸ್ಪೀಕರಿಗೆ ಇದರ ಉಲ್ಟಾ. ಒಂದು ಕಡೆ 8,000 ಓಮ್, ಇನ್ನೊಂದು ಕಡೆ 16 ಓಮ್. ಮಧ್ಯೆ ದಲ್ಲಾಳಿ ಬೇಕು, ಅವನೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಸುತ್ತುಗಳ ಅನುಪಾತ ಹೆಚ್ಚುಕಡಿಮೆ ಇಪ್ಪತ್ತೆರಡಕ್ಕೆ ಒಂದು ಬರುತ್ತದೆ. ಎಲ್ಲಾ ಪ್ರೈಮರಿ ಒಂದು ಕಡೆ, ಎಲ್ಲಾ ಸೆಕೆಂಡರಿ ಇನ್ನೊಂದು ಕಡೆ ಸುತ್ತಿಬಿಟ್ಟರೆ ಮೇಲಿನ ಸ್ವರಗಳು ಸತ್ತುಹೋಗುತ್ತವೆ. ಒಂದಷ್ಟು ಪದರ ಇದು, ಒಂದಷ್ಟು ಪದರ ಅದು ಅಂತ ಪದರ ಪದರವಾಗಿ ಹೆಣೆಯಬೇಕು.

ಈ ಕೆಲಸ ಮಾಡಿಕೊಟ್ಟಿದ್ದು ಕೋಲಾರದ ಒಂದು ಮೋಟಾರ್ ವೈಂಡಿಂಗ್ ಅಂಗಡಿ. ಬಾವಿಗಳ ಪಂಪ್‌ಸೆಟ್ ಸುಟ್ಟುಹೋದಾಗ ತಾಮ್ರ ಸುತ್ತಿಕೊಡುವ ಅಂಗಡಿ. ಮಳೆ ಬಂದರೆ ಅವರಿಗೆ ಕೆಲಸ ಕಡಿಮೆ. ಅಂಥ ಒಂದು ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ಕು ದಿನ ಅಲ್ಲೇ ಕೂತು, ಮೇಸ್ತ್ರಿ ಸುತ್ತುತ್ತಿದ್ದರೆ ಇವರು ಬಾಯಲ್ಲಿ ಎಣಿಸುತ್ತಾ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದ್ದರಂತೆ. ಆ ಗೀಟುಗಳು ಈಗಲೂ ಇವೆ. ಐದೈದರ ಕಟ್ಟು, ಪುಟಗಟ್ಟಲೆ. ಒಂದು ಕಡೆ "ಊಟಕ್ಕೆ ಬಿಟ್ಟಿತು, 3 ಸುತ್ತು ಅನುಮಾನ" ಅಂತ ಬರೆದಿದ್ದಾರೆ.

ನಮ್ಮ ಜಿಲ್ಲೆಗೂ ಕರೆಂಟಿಗೂ ಹಳೇ ನಂಟು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ತಂತಿ ಎಳೆದಿದ್ದರು. ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು. ಆದರೆ ಗಣಿಗೆ ಬಂದಿದ್ದು ಹಳ್ಳಿಗೆ ಬರಬೇಕಲ್ಲ. ದೊಡ್ಡಪ್ಪ ಎಷ್ಟೋ ಊರುಗಳಲ್ಲಿ ಮೊದಲು ಕರೆಂಟ್ ಎಲ್ಲಿದೆ ಅಂತ ನೋಡಿಕೊಂಡು, ಆಮೇಲೆ ಹಾರ್ನ್ ಕಟ್ಟುವ ಮರ ಹುಡುಕುತ್ತಿದ್ದರಂತೆ. ಆವಣಿ ಜಾತ್ರೆಗೆ, ಶ್ರೀನಿವಾಸಪುರದ ಕಡೆ ಪೌರಾಣಿಕ ನಾಟಕಗಳಿಗೆ, ಮಾಲೂರಿನ ಹೆಂಚಿನ ಕಾರ್ಖಾನೆಗಳ ಆಯುಧಪೂಜೆಗೆ ಬಸ್ಸಿನ ಟಾಪ್ ಮೇಲೆ ಹಾರ್ನ್, ಕಾಲ ಹತ್ತಿರ ಐದು-ಹತ್ತು. ವಾಲ್ವ್‌ಗಳನ್ನು ಮಾತ್ರ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಊಟದ ಕ್ಯಾರಿಯರ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಹತ್ತು ವ್ಯಾಟ್‌ನಲ್ಲಿ ಜಾತ್ರೆ ಹೇಗೆ ನಡೆಯುತ್ತಿತ್ತು ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಲೆಕ್ಕ ಹಾಕಿದರೆ ಗುಟ್ಟು ಹಾರ್ನಿನಲ್ಲಿದೆ. ಮನೆಯ ಸಾಧಾರಣ ಸ್ಪೀಕರ್ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85-90 ಡೆಸಿಬೆಲ್ ಕೊಡುತ್ತದೆ. ಹಾರ್ನ್ 105 ದಾಟುತ್ತದೆ. ಅಂದರೆ ಹಾರ್ನಿಗೆ ಹತ್ತು ವ್ಯಾಟ್ ಕೊಟ್ಟರೆ ಮನೆ ಸ್ಪೀಕರಿಗೆ ಮುನ್ನೂರು ನಾನೂರು ವ್ಯಾಟ್ ಕೊಟ್ಟಹಾಗೆ. ಇನ್ನು ಹತ್ತರ ಜಾಗಕ್ಕೆ 250 ವ್ಯಾಟ್ ಸೆಟ್ ತಂದರೆ ಇಪ್ಪತ್ತೈದು ಪಟ್ಟು ಜೋರಾಗಿ ಕೇಳಿಸುವುದಿಲ್ಲ. 14 ಡೆಸಿಬೆಲ್ ಏರುತ್ತದೆ. ನಮ್ಮ ಕಿವಿಗೆ ಎರಡೂವರೆ ಪಟ್ಟು ಅನಿಸಿದರೆ ಹೆಚ್ಚು.

ಎಂಬತ್ತರ ದಶಕದಲ್ಲಿ ಟ್ರಾನ್ಸಿಸ್ಟರ್ ಸೆಟ್‌ಗಳು ಬಂದವು. ಹಗುರ, ಸ್ವಿಚ್ ಹಾಕಿದ ತಕ್ಷಣ ಮಾತಾಡುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತವೆ. ಆಟೋ ಮೇಲೆ ಕಟ್ಟಿ ಎಲೆಕ್ಷನ್ ಪ್ರಚಾರ ಮಾಡಬಹುದು. ಸಂಗೀತಪ್ರೇಮಿಗಳು ಏನೇ ಹೇಳಲಿ, ನಮ್ಮ ಕಡೆ ವಾಲ್ವ್ ಸೆಟ್ಟನ್ನು ಸೋಲಿಸಿದ್ದು ಆಟೋ. ದೊಡ್ಡಪ್ಪನೂ ನಾಲ್ಕು ಟ್ರಾನ್ಸಿಸ್ಟರ್ ಸೆಟ್ ತಂದರು, ಹೊಟ್ಟೆಪಾಡು. ಆದರೆ ಆಗಿನಿಂದಲೇ "ಜೀವ ಇಲ್ಲ" ಶುರುವಾಯಿತು.

ಮತ್ತೆ, ಆಗ ಅವರು ಹೇಳಿದ್ದು ಸುಳ್ಳಲ್ಲ. ದುರ್ಯೋಧನನ ಪಾತ್ರಧಾರಿ ತೊಡೆ ತಟ್ಟಿ ಮೈಕಿಗೆ ಬಾಯಿ ಹಚ್ಚಿ ಅಬ್ಬರಿಸಿದಾಗ ಯಾವ ಆಂಪ್ಲಿಫೈಯರ್ ಆದರೂ ತನ್ನ ಮಿತಿ ದಾಟುತ್ತದೆ. ವಾಲ್ವ್ ಸೆಟ್ ದಾಟುವಾಗ ಅಲೆಯ ತುದಿಯನ್ನು ಮೆಲ್ಲಗೆ ಬಾಗಿಸುತ್ತದೆ. ಟ್ರಾನ್ಸಿಸ್ಟರ್ ಸೆಟ್ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸುತ್ತದೆ. ಅದೇ ಕಿವಿಗೆ ಚುಚ್ಚುವುದು. ಆರಂಭದ ಅಗ್ಗದ ಟ್ರಾನ್ಸಿಸ್ಟರ್ ಸೆಟ್‌ಗಳಲ್ಲಿ ಮೆಲುದನಿಯಲ್ಲೂ ಒಂದು ಕರಕರ ಇರುತ್ತಿತ್ತು, ಅಲೆಯ ಮೇಲರ್ಧ ಒಂದು ಟ್ರಾನ್ಸಿಸ್ಟರ್, ಕೆಳಗರ್ಧ ಇನ್ನೊಂದು ಎತ್ತಿಕೊಳ್ಳುವಾಗ ಕೈ ಬದಲಾಯಿಸುವ ಜಾಗದಲ್ಲಿ. ನಲವತ್ತು ವರ್ಷದಲ್ಲಿ ಆ ಕಾಯಿಲೆಗಳೆಲ್ಲ ವಾಸಿಯಾದವು. ದೊಡ್ಡಪ್ಪನ ಅಭಿಪ್ರಾಯ ಮಾತ್ರ ಹಾಗೇ ಉಳಿಯಿತು.

ಈಗ ಸಂಕ್ರಾಂತಿಗೆ ಬರ್ತೀನಿ.

ಶ್ರೀನಿವಾಸಪುರದಿಂದ ಅಕ್ಕ ಬಂದಿದ್ದಳು, ದೊಡ್ಡಪ್ಪನ ಮಗಳು. ಅವರದ್ದು ಮಾವಿನ ತೋಪು. ಹಿಂದಿನ ವರ್ಷ ತೋತಾಪುರಿಗೆ ರೇಟೇ ಸಿಕ್ಕಿರಲಿಲ್ಲ. ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ಹೇಳಿದಳು: "ನೋಡೋ, ಅಪ್ಪನಿಗೆ ಕಿವಿ ಪೂರ್ತಿ ಹೋಗ್ತಿದೆ. ಅಮ್ಮ ಕೂಗಿ ಕೂಗಿ ಬಿಪಿ ಬರಿಸಿಕೊಂಡಿದ್ದಾಳೆ. ಹೋದ ವಾರ ಹಿಂದೆ ಲಾರಿ ಹಾರ್ನ್ ಹೊಡೀತಿದ್ರೂ ರೋಡ್ ಮಧ್ಯೆ ನಿಂತಿದ್ರಂತೆ. ಮಷಿನ್ ಹಾಕಿಸೋಣ ಅಂದ್ರೆ ನನಗೆ ಕಿವಿ ಚೆನ್ನಾಗಿದೆ ಅಂತಾರೆ. ದುಡ್ಡು ಎಲ್ಲಿಂದ ತರ್ತೀರ ಅಂತಾರೆ. ಆ ಡಬ್ಬ ಮಾರಿದ್ರೆ ಆಗಲ್ವಾ?"

ಡಬ್ಬಕ್ಕೆ ಗಿರಾಕಿ ಇದ್ದ. ತಂದಿದ್ದು ನಾನೇ. ಆಫೀಸಿನ ಸಹೋದ್ಯೋಗಿಯೊಬ್ಬನಿಗೆ ಹಳೇ ಆಡಿಯೋ ಹುಚ್ಚು. ನಾನು ಒಂದು ಫೋಟೋ ತೋರಿಸಿದ್ದೆ. ಅವನ ಮೂಲಕ ಬೆಂಗಳೂರಿನ ಸಂಗ್ರಾಹಕರೊಬ್ಬರು ನಲವತ್ತು ಸಾವಿರ ಕೊಡ್ತೀನಿ ಅಂದಿದ್ದರು. ಕೈಯಲ್ಲಿ ಕಟ್ಟಿದ್ದು, ಬಿಇಎಲ್ ವಾಲ್ವ್, ಸುತ್ತಿದ ನೋಟ್‌ಬುಕ್ಕೂ ಇದೆ ಅಂದಾಗ ದನಿಯಲ್ಲೇ ಆಸೆ ಗೊತ್ತಾಗುತ್ತಿತ್ತು. ಒಂದು ಷರತ್ತು: ಚಾಲೂ ಸ್ಥಿತಿಯಲ್ಲಿರಬೇಕು. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್ ಬದಲಿಸಿದರೆ ಸಹಿಸಿಕೊಳ್ತೀನಿ, ಬೇರೆ ಒಂದು ತಂತಿಯೂ ಮುಟ್ಟಬೇಡಿ, ಎಲ್ಲಾ ಒರಿಜಿನಲ್ ಇರಬೇಕು.

ದೊಡ್ಡಪ್ಪ ಮಾರಲ್ಲ ಅಂತ ಹೇಳಲಿಲ್ಲ. "ಇದರ ಶಬ್ದ ಕೊಡೋ ಇನ್ನೊಂದು ಸೆಟ್ ತೋರಿಸು, ಮಾರ್ತೀನಿ" ಅಂದರು. ಎಂಜಿನಿಯರ್‌ಗೆ ಹೀಗೆ ಹೇಳಬಾರದು. ನಾನು ಮನಸ್ಸಿನಲ್ಲೇ ಟೆಸ್ಟ್ ಕೇಸ್ ಬರೆಯಲು ಶುರು ಮಾಡಿದೆ. ಒಪ್ಪಿಕೊಂಡುಬಿಡುತ್ತೇನೆ, ಆ ಹೊತ್ತಿಗೆ ನನ್ನ ಉದ್ದೇಶ ಶಬ್ದವನ್ನು ತಿಳಿಯುವುದಾಗಿರಲಿಲ್ಲ. ಅವರನ್ನು ಸೋಲಿಸುವುದಾಗಿತ್ತು. ಒಳ್ಳೆಯದಕ್ಕೇ ಅಂದುಕೊಂಡಿದ್ದೆ.

ಮೊದಲು ಸೆಟ್ ಎಬ್ಬಿಸಬೇಕಿತ್ತು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡುವುದು ಜಾವಾ. ಕಾಲೇಜಿನ ನಾಲ್ಕು ವರ್ಷದಲ್ಲಿ ವಾಲ್ವ್ ಬಂದಿದ್ದು ಇತಿಹಾಸದ ಒಂದು ಪ್ಯಾರಾದಲ್ಲಿ. ದೊಡ್ಡಪ್ಪ ನನ್ನ ಕೈಯಿಂದ ಪ್ಲಗ್ ಕಿತ್ತುಕೊಂಡರು. "ಇಪ್ಪತ್ತು ವರ್ಷ ಮಲಗಿದವನನ್ನ ಒದ್ದು ಎಬ್ಬಿಸ್ತಾರೇನೋ?" ಅಂದು ಸೀರೀಸ್ ಬೋರ್ಡ್ ತಂದರು. ಹಳೇ ಮೆಕ್ಯಾನಿಕ್‌ಗಳೆಲ್ಲರ ಹತ್ತಿರ ಇರುವ ಸಾಧನ: ಮರದ ಹಲಗೆ, ಒಂದು ಹೋಲ್ಡರ್, ನೂರು ವ್ಯಾಟಿನ ಹಳೇ ಬಲ್ಬು. ಸೆಟ್ಟಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಇದು ಆಗುವುದಿಲ್ಲ. ಅದಕ್ಕೇ ಹಳೇ ಬಲ್ಬುಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಾರೆ.

ಬಲ್ಬು ಪೂರ್ತಿ ಉರಿಯಿತು. ಕೆಪಾಸಿಟರ್ ಹೋಗಿತ್ತು. ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತಂದೆ. ದೊಡ್ಡಪ್ಪ ಪಕ್ಕದಲ್ಲಿ ಕೂತು ಹಾಕಿಸಿದರು. ಒಳಗೆ 300 ವೋಲ್ಟಿಗೂ ಮೇಲೆ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್ ಅದನ್ನು ಹಿಡಿದುಕೊಂಡಿರುತ್ತದೆ. "ಒಂದು ಕೈ ಜೇಬಲ್ಲಿ" ಅಂತ ನನ್ನ ಎಡಗೈಗೆ ಒಂದು ಏಟು ಬಿತ್ತು. ಎರಡೂ ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ ಅಂತ. ನಾನು ಆಗ ಇನ್ನೊಂದು ಮಾತು ಹೇಳಿದೆ: ಈ ಹಳೇ ಕಾರ್ಬನ್ ರೆಸಿಸ್ಟರ್‌ಗಳು ಸೊಯ್ ಅನ್ನುತ್ತವೆ, ಇವನ್ನೂ ಬದಲಿಸಿ ಮೆಟಲ್ ಫಿಲ್ಮ್ ಹಾಕೋಣ. "ಎಲ್ಲಿ ಸೊಯ್ ಅಂತಿದೆ? ನನಗೆ ಕೇಳಿಸ್ತಿಲ್ಲವಲ್ಲ. ಮುಟ್ಟಬೇಡ" ಅಂದರು. ಸಂಗ್ರಾಹಕರ ಷರತ್ತೂ ಅದೇ ಇತ್ತಲ್ಲ, ಬಿಟ್ಟೆ.

ಮುಂದಿನ ಶನಿವಾರ ನಾನು ಇನ್ನೆರಡು ಆಂಪ್ಲಿಫೈಯರ್ ತೆಗೆದುಕೊಂಡು ಹೋದೆ.

ಒಂದು ಸಹೋದ್ಯೋಗಿಯ ಹೊಸ ವಾಲ್ವ್ ಆಂಪ್ಲಿಫೈಯರ್. ನೋಡಲು ಮದುಮಗನ ಹಾಗಿದೆ. ಅದರ ವಾಲ್ವ್‌ಗಳು ಸ್ಲೊವಾಕಿಯಾದವು. ಈಗ ಜಗತ್ತಿನಲ್ಲಿ ವಾಲ್ವ್ ಮಾಡುವ ದೊಡ್ಡ ಜಾಗಗಳೇ ಬೆರಳೆಣಿಕೆಯಷ್ಟು, ಸ್ಲೊವಾಕಿಯಾ, ರಷ್ಯಾದ ಸರಾತೋವ್, ಚೀನಾ. 2022ರಲ್ಲಿ ಯುದ್ಧ ಶುರುವಾಗಿ ರಷ್ಯಾದ ಸರಬರಾಜು ನಿಂತಾಗ ಅಮೆರಿಕದ ಗಿಟಾರ್ ನುಡಿಸುವವರೆಲ್ಲ ಗಾಬರಿಯಾಗಿದ್ದರು. ಜಾಲಹಳ್ಳಿಯ ಹೆಸರು ಆ ಪಟ್ಟಿಯಲ್ಲಿ ಈಗಿಲ್ಲ. ದೊಡ್ಡಪ್ಪ ಅದನ್ನು ತಿರುಗಿಸಿ ಕೆಳಗಿನ ತಗಡು ಬಿಚ್ಚಿದರು. ಒಳಗೆಲ್ಲ ಪ್ರಿಂಟೆಡ್ ಬೋರ್ಡ್. ವಾಲ್ವ್ ಸಾಕೆಟ್ ಕೂಡ ಬೋರ್ಡಿಗೇ ಬೆಸೆದಿದೆ. "ಬಿಸಿ ಆಗ್ತಾ, ತಣ್ಣಗಾಗ್ತಾ ಹತ್ತು ವರ್ಷದಲ್ಲಿ ಬೆಸುಗೆ ಬಿರುಕು ಬಿಡುತ್ತೆ ನೋಡು" ಅಂದರು. ಅವರ ಸೆಟ್ಟಿನಲ್ಲಿ ಸಾಕೆಟ್ ತಗಡಿಗೆ ನಟ್ ಬೋಲ್ಟಿನಲ್ಲಿ ಕೂತಿದೆ, ತಂತಿಗಳು ಒಂದು ತುದಿಯಿಂದ ಇನ್ನೊಂದಕ್ಕೆ ನೇರ. ಐವತ್ತು ವರ್ಷ ಬಸ್ಸಿನಲ್ಲಿ ಕುಲುಕಿದರೂ ಒಂದು ಬೆಸುಗೆ ಬಿಟ್ಟಿಲ್ಲ. ಈ ಹೊಸದು ಆ ಮಟ್ಟಿಗೆ ಮರ್ಯಾದೆಯದ್ದೇ. ಇನ್ನೂ ಅಗ್ಗದವು ಬರುತ್ತವೆ, ಕೆಲಸವೆಲ್ಲ ಚಿಪ್ ಮಾಡುತ್ತದೆ, ಮುಂದೆ ಶೋಕಿಗೆ ಒಂದೆರಡು ಸಣ್ಣ ವಾಲ್ವ್, ಅವು ಹೊಳೆಯಲಿ ಅಂತ ಕೆಳಗೊಂದು ಕಿತ್ತಳೆ ಎಲ್‌ಇಡಿ. ಅದನ್ನು ದೊಡ್ಡಪ್ಪನಿಗೆ ಹೇಳಿದೆ. ಹತ್ತು ನಿಮಿಷ ನಕ್ಕರು. ಆಮೇಲೆ ದೊಡ್ಡಮ್ಮನನ್ನು ಕರೆದು ಅವರಿಗೂ ಹೇಳಿದರು.

ಇನ್ನೊಂದು, ಅಂಗೈ ಅಗಲದ ಕ್ಲಾಸ್-ಡಿ ಬೋರ್ಡು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಂದು ಚಿಪ್ಪು, ಎಸ್.ಪಿ. ರೋಡಿನಲ್ಲಿ ಐನೂರರೊಳಗೆ ಸಿಕ್ಕಿತ್ತು. ಇದು ಶಬ್ದವನ್ನು ದೊಡ್ಡದು ಮಾಡುವ ರೀತಿಯೇ ಬೇರೆ: ಕರೆಂಟನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಮಾಡುತ್ತದೆ, ಎಷ್ಟು ಹೊತ್ತು ಆನ್ ಅನ್ನುವುದರಲ್ಲೇ ಹಾಡಿರುತ್ತದೆ. ನೂರು ವ್ಯಾಟ್ ತೆಗೆದುಕೊಂಡರೆ ತೊಂಬತ್ತರ ಹತ್ತಿರ ಸ್ಪೀಕರಿಗೆ ಕೊಡುತ್ತದೆ. ಐದು-ಹತ್ತು ಎಂಬತ್ತು ವ್ಯಾಟ್ ತಿಂದು ಹತ್ತು ಕೊಡುತ್ತದೆ, ಮಿಕ್ಕಿದ್ದೆಲ್ಲ ಶಾಖ. ದೊಡ್ಡಮ್ಮ ಒಂದು ಕಾಲದಲ್ಲಿ ಅದರ ಮೇಲೆ ಹಪ್ಪಳ ಒಣಗಿಸಿದ್ದರಂತೆ. ದೊಡ್ಡಪ್ಪ ಇದನ್ನು ಒಪ್ಪುವುದಿಲ್ಲ.

ಮೂರನ್ನೂ ನಾನೇ ಮೊದಲು ಕೇಳಿದೆ, ಒಂದೇ ಸ್ಪೀಕರ್, ಒಂದೇ ಹಾಡು. ಇಲ್ಲಿ ಒಂದು ಮೋಸ ಇದೆ, ಗಮನಿಸಿ. ಎರಡು ಆಂಪ್ಲಿಫೈಯರ್‌ಗಳಲ್ಲಿ ಒಂದು ಕೂದಲೆಳೆ ಜೋರಾಗಿದ್ದರೂ ಅದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತದೆ. ಅಂಗಡಿಯವರು ದುಬಾರಿ ಮಾಡೆಲ್ ತೋರಿಸುವಾಗ ವಾಲ್ಯೂಮ್ ಎಲ್ಲಿಟ್ಟಿದ್ದಾರೆ ನೋಡಿಕೊಳ್ಳಿ. ಹಾಗಾಗಿ 400 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಸಮ ಮಾಡಿದೆ. ಹೊಸ ವಾಲ್ವ್ ಆಂಪ್ಲಿಫೈಯರ್‌ಗೂ ಬೋರ್ಡಿಗೂ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಐದು-ಹತ್ತರಲ್ಲಿ ಹಾಡಿನ ನಡುವಿನ ಮೌನದಲ್ಲಿ ಸಣ್ಣ ಸೊಯ್, ತಾಳದ ಅಂಚು ಸ್ವಲ್ಪ ಮೆತ್ತಗೆ. ದನಿ ಇಂಪಾಗಿತ್ತು, ನಿಜ. ದೊಡ್ಡಮ್ಮನಿಂದ ಬದಲಾಯಿಸಿಸಿ ಹತ್ತು ಸಲ ಗುರುತು ಹಿಡಿಯಲು ನೋಡಿದೆ. ಏಳು ಸರಿ. ಸುಮ್ಮನೆ ನಾಣ್ಯ ಚಿಮ್ಮಿದರೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ ಹದಿನೇಳು ಇದೆ. ಜಂಬ ಪಡುವಂಥದ್ದೇನಲ್ಲ.

ಆಮೇಲೆ ದೊಡ್ಡಪ್ಪ. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮೇಜಿನ ಮುಂದೆ ಕೂತರು. ಐದು-ಹತ್ತು, ಇಲ್ಲವೇ ಬೋರ್ಡು. ಬದಲಾಯಿಸುವಾಗ ಇನ್‌ಪುಟ್, ಸ್ಪೀಕರ್ ಎರಡನ್ನೂ ತೆಗೆದು ಹಾಕಬೇಕು. ವಾಲ್ವ್ ಸೆಟ್ಟನ್ನು ಲೋಡ್ ಇಲ್ಲದೆ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು ಅಂತ ಅದರ ತುದಿಗೆ ಒಂದು ದಪ್ಪ ರೆಸಿಸ್ಟರ್ ಕಟ್ಟಿದ್ದೆ. ಹತ್ತು ಸಲ ಹಾಕಿದೆ. ಹತ್ತಕ್ಕೆ ಹತ್ತು ಹೇಳಿದರು! ಎರಡನೇ ಸೆಕೆಂಡಿಗೇ "ಇದು ನಂದು", "ಇದು ನಿಂದು". ಅದೃಷ್ಟದಿಂದ ಹೀಗೆ ಬರುವುದು 1,024ರಲ್ಲಿ ಒಂದು ಸಲ. ಅಕ್ಕನ ಮುಖ ಸಪ್ಪಗಾಯಿತು. ನನಗೆ ಮಾತ್ರ ಮೈಯೆಲ್ಲ ಝುಂ ಅಂದಿತು. ಲಾರಿ ಹಾರ್ನ್ ಕೇಳದ ಮನುಷ್ಯ, ನನಗೆ ಗೊತ್ತಾಗದ್ದನ್ನು ಕೇಳುತ್ತಿದ್ದಾರೆ.

ಆಗ ಅವರ ಬಲಗೈ ಕಂಡಿತು. ಅಂಗೈಯನ್ನು ಚಪ್ಪಟೆಯಾಗಿ ಮೇಜಿನ ಮೇಲೆ ಇಟ್ಟಿದ್ದರು. ನಾನೂ ಪಕ್ಕದಲ್ಲಿ ಕೈ ಇಟ್ಟೆ. ಐದು-ಹತ್ತಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದೆರಡು ತಗಡು ಸಡಿಲ ಇವೆ. ಹಾಡು ಹೋಗುವಾಗ ಅವು ಹಾಡಿನ ಜೊತೆಗೇ ಅದುರುತ್ತವೆ. ಮರದ ಮೇಜಿನಲ್ಲಿ ಹಾಡು ಸಣ್ಣಗೆ ಹರಿಯುತ್ತಿತ್ತು. ಬೋರ್ಡು ಹಾಕಿದರೆ ಮೇಜು ಸತ್ತಹಾಗೆ.

ಅವರು ಬೇಕಂತ ಮಾಡಿದ್ದಲ್ಲ ಅಂತ ಇವತ್ತಿಗೂ ನಂಬುತ್ತೇನೆ. ಅವರಿಗೆ ಅದು ಶಬ್ದವೇ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇನ್ನೊಂದು ರೌಂಡ್" ಅಂದು ಎರಡನ್ನೂ ಪಕ್ಕದ ಕೋಣೆಯ ನೆಲದ ಮೇಲಿಟ್ಟು ಸ್ಪೀಕರ್ ತಂತಿ ಮಾತ್ರ ಈಚೆಗೆ ಎಳೆದೆ. ಈ ಸಲ ಹೇಳಲು ತುಂಬ ಹೊತ್ತು ಹಿಡಿಯಿತು. ಕತ್ತು ಓರೆ ಮಾಡುತ್ತಾರೆ, ಎಡಗಿವಿ ಕೊಡುತ್ತಾರೆ, "ಇನ್ನೊಂದ್ಸಲ ಹಾಕು" ಅಂತಾರೆ. ಮುಗಿದ ಮೇಲೆ ಟವೆಲ್ ಬಿಚ್ಚಿ, "ಎಷ್ಟು ಬಂತೋ?" ಅಂದರು.

ಕಿವಿ ಕೇಳುವವರಿಗಾದರೆ ಇಂಥದ್ದನ್ನು ಮೆಲ್ಲಗೆ, ಸುತ್ತಿ ಬಳಸಿ ಹೇಳಬಹುದು. ಇವರಿಗೆ ಕಿರುಚಿಯೇ ಹೇಳಬೇಕು. ನನಗೆ ಕಿರುಚಲಾಗಲಿಲ್ಲ. ನಾಲ್ಕು ಬೆರಳು ತೋರಿಸಿದೆ.

ಏನೂ ಅನ್ನಲಿಲ್ಲ. ತಂತಿಯನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತುತ್ತಾ ಕೂತರು, ಜಾತ್ರೆ ಮುಗಿದ ಮೇಲೆ ಸುತ್ತುವ ಹಾಗೆ. ಪೂರ್ತಿ ಸುತ್ತಿ, ಗಂಟು ಹಾಕಿ, ಗೂಟಕ್ಕೆ ನೇತುಹಾಕಿ ಬಂದು, "ಕೋಲಾರದಲ್ಲಿ ಕಿವಿ ಟೆಸ್ಟ್ ಮಾಡೋ ಕಡೆ ಯಾವತ್ತು ಹೋಗೋಣ?" ಅಂದರು.

ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಿಸಿದರು. ಹೊರಗೆ ಬಂದ ಗ್ರಾಫನ್ನು ದೊಡ್ಡಪ್ಪ ಡಾಕ್ಟರ್ ಕೈಯಿಂದ ತೆಗೆದುಕೊಂಡು ತಾವೇ ಓದಿದರು. ಕೆಳಗಿನ ಸ್ವರಗಳಲ್ಲಿ ಗೆರೆ ಪರವಾಗಿಲ್ಲ. 2,000 ಹರ್ಟ್ಸ್ ದಾಟಿದ ಮೇಲೆ ಜಾರಲು ಶುರು, 4,000ದ ಹತ್ತಿರ ಒಂದು ದೊಡ್ಡ ಗುಂಡಿ. ಎಡಗಿವಿಗಿಂತ ಬಲಗಿವಿ ಹಾಳು. ವರ್ಷಗಟ್ಟಲೆ ಜೋರು ಶಬ್ದದ ಪಕ್ಕ ಕೆಲಸ ಮಾಡಿದವರ ಗ್ರಾಫ್ ಹೀಗೇ ಇರುತ್ತದೆ ಅಂತ ಡಾಕ್ಟರ್ ಹೇಳಿದರು. ಸ, ಶ, ಕ, ತ ಥರದ ವ್ಯಂಜನಗಳೆಲ್ಲ ಬದುಕುವುದು ಆ ಮೇಲಿನ ಜಾಗದಲ್ಲಿ. ಅವು ಹೋದರೆ ಸ್ವರ ಕೇಳಿಸುತ್ತದೆ, ಮಾತು ಅರ್ಥವಾಗುವುದಿಲ್ಲ. ಸಂಕ್ರಾಂತಿ ವಾಂತಿಯಾಗಿದ್ದು ಹಾಗೆ.

"ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಟ್ಟ ಸೆಟ್ ಇದ್ದಂಗಿದೆ" ಅಂದರು ದೊಡ್ಡಪ್ಪ, ಗ್ರಾಫ್ ನೋಡುತ್ತಾ. ಹಾರ್ನ್ ಕಟ್ಟಿದ ಮೇಲೆ ಅದರ ಬಾಯಿಗೆ ಬಲಗಿವಿ ಕೊಟ್ಟು ಪರೀಕ್ಷೆ ಮಾಡುವುದು ಅವರ ಅಭ್ಯಾಸವಾಗಿತ್ತಂತೆ. ನಲವತ್ತು ವರ್ಷ. ಹಾರ್ನಿನ ಬಾಯಲ್ಲಿ 115 ಡೆಸಿಬೆಲ್ ಇರುತ್ತದೆ ಅಂತ ಆಗ ಯಾರು ಲೆಕ್ಕ ಹಾಕಿದ್ದರು? ಧ್ವನಿವರ್ಧಕಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕಡಿವಾಣ ಹಾಕಿದ ಶಬ್ದಮಾಲಿನ್ಯ ನಿಯಮ ಬಂದಿದ್ದೇ 2000ದಲ್ಲಿ. ಅದರಲ್ಲೂ ಊರಿನವರ ನಿದ್ದೆಯ ಚಿಂತೆ ಇದೆ, ಮೈಕ್ ಸೆಟ್ಟಿನವನ ಕಿವಿಯದ್ದಲ್ಲ.

ಮಷಿನ್‌ಗಳು ಜೊತೆಗೆ ಅರವತ್ತು ಸಾವಿರದ ಹತ್ತಿರ. ದೊಡ್ಡಪ್ಪ ತಾವಾಗಿಯೇ "ಆಯ್ತು, ಅವರನ್ನ ಬರಹೇಳು, ಕೊಟ್ಟುಬಿಡೋಣ" ಅಂದರು. ಅಕ್ಕ ಮಿಕ್ಕಿದ್ದು ನಾನು ಹಾಕ್ತೀನಿ ಅಂದಳು. ಬೇಡ ಅಂದೆ, ಇಎಂಐಗೆ ನನ್ನ ಕಾರ್ಡ್ ಕೊಟ್ಟೆ. ಸಂಗ್ರಾಹಕರು ಯುಗಾದಿ ಕಳೆದು ಬರ್ತೀನಿ ಅಂದರು. ನಾನು ಅಂದುಕೊಂಡಿದ್ದಂತೆಯೇ ಎಲ್ಲಾ ಆಯಿತು. ಆದರೂ ಮಾರಿಕುಪ್ಪಂ ಟ್ರೈನಿನಲ್ಲಿ ನಿಂತು ವೈಟ್‌ಫೀಲ್ಡಿಗೆ ಹೋಗುವಾಗ ಆ ನಾಲ್ಕು ಬೆರಳು ಎರಡು ವಾರ ತಲೆಯಲ್ಲೇ ಇತ್ತು.

ಅಂದಹಾಗೆ, ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಿರುವ ಆ ಮಷಿನ್ ಒಳಗೂ ಇರುವುದು ಒಂದು ಕ್ಲಾಸ್-ಡಿ ಆಂಪ್ಲಿಫೈಯರ್. ಅಷ್ಟು ಸಣ್ಣ ಬ್ಯಾಟರಿಯಲ್ಲಿ ದಿನಗಟ್ಟಲೆ ಓಡಬೇಕಲ್ಲ. ಜೀವ ಇಲ್ಲದ ಎರಡು ಸೆಟ್ ಈಗ ದೊಡ್ಡಪ್ಪನ ಕಿವಿಯಲ್ಲೇ ಕೂತಿವೆ. ಇದನ್ನು ಅವರಿಗೆ ಇನ್ನೂ ಹೇಳಿಲ್ಲ.

ಮಷಿನ್ ಬಂದ ವಾರ ಮುಳಬಾಗಿಲಿಗೆ ಹೋದೆ. ಬಾಗಿಲಲ್ಲೇ ಗೊತ್ತಾಯಿತು, ಏನೋ ಗಲಾಟೆ. ಫ್ಯಾನು ಕಿರ್ ಅನ್ನುತ್ತಂತೆ, ದೊಡ್ಡಮ್ಮ ಪಾತ್ರೆ ಕುಕ್ಕುತ್ತಾರಂತೆ, ಗುಬ್ಬಿಗಳು ಬಾಯಿ ಮುಚ್ಚುವುದೇ ಇಲ್ಲವಂತೆ. ಮೇಜಿನ ಮೇಲೆ ಐದು-ಹತ್ತು ಉರಿಯುತ್ತಿತ್ತು. ಹಾಡು ಇಲ್ಲ, ಸುಮ್ಮನೆ ಆನ್ ಮಾಡಿಟ್ಟು ಸ್ಪೀಕರಿನ ಮುಂದೆ ಬಗ್ಗಿ ಕೂತಿದ್ದರು.

"ಬಾ ಇಲ್ಲಿ. ಇದು ಸೊಯ್ ಅಂತಿದೆ."

"ಅವತ್ತೇ ಹೇಳಿದ್ನಲ್ಲ ದೊಡ್ಡಪ್ಪಾ! ಕಾರ್ಬನ್ ರೆಸಿಸ್ಟರು!"

"ಇಷ್ಟು ವರ್ಷ ಜನಕ್ಕೆ ಇದನ್ನ ಕೇಳಿಸಿದ್ದೀನಾ ನಾನು? ಬದಲಾಯಿಸು. ಎಲ್ಲಾ ಬದಲಾಯಿಸು."

"ಬದಲಾಯಿಸಿದ್ರೆ ಅವರು ತಗೊಳ್ಳಲ್ಲ! ಒರಿಜಿನಲ್ ಇರಬೇಕು ಅಂದಿದ್ದಾರೆ! ತಗೊಂಡ್ರೂ ಅರ್ಧ ರೇಟು!"

"ತಗೊಂಡ್ರೆ ತಗೊಳ್ಳಲಿ, ಇಲ್ಲದಿದ್ರೆ ಬಿಡಲಿ. ಸೊಯ್ ಅನ್ನೋ ಸೆಟ್ ನನ್ನ ಅಂಗಡಿಯಿಂದ ಯಾವತ್ತೂ ಹೊರಗೆ ಹೋಗಿಲ್ಲ. ಬರ್ಕೋ."

ನಾನು ಫೋನ್ ತೆಗೆದೆ. ಅವರು ಸರ್ಕ್ಯೂಟ್ ನೋಡದೆ, ಕಣ್ಣು ಮುಚ್ಚಿಕೊಂಡು ಒಂದೊಂದೇ ಹೇಳತೊಡಗಿದರು. ಒಂದು ಲಕ್ಷ ಓಮ್ ನಾಲ್ಕು. ನಾಲ್ಕು ಲಕ್ಷದ ಎಪ್ಪತ್ತು ಸಾವಿರ ಎರಡು. ಎಸ್.ಪಿ. ರೋಡಿನಲ್ಲಿ ಸಿಗುವ ಸಣ್ಣವು ಹೆಚ್ಚಿನ ವೋಲ್ಟೇಜ್ ತಡೆಯುವುದಿಲ್ಲ, ದಪ್ಪದ್ದೇ ಕೇಳು ಅಂದರು.

"ಎರಡು ವ್ಯಾಟಿಂದಾ, ದೊಡ್ಡಪ್ಪಾ?" ಅಂದೆ.

"ಹೂಂ, ಎರಡು ವ್ಯಾಟಿಂದು. ಅದಕ್ಕೆ ಯಾಕೋ ಹಂಗೆ ಕಿರುಚ್ತೀಯ?"